ಗಡಿ ಪಕ್ಕದ ರನ್‌ವೇ: ತಿಕೋಟಾ ಮುಟ್ಟುವಷ್ಟೂ ಆಕಾಶ ಇಲ್ಲದಿದ್ದರೆ?

ಬುರಣಾಪುರದ ಹತ್ತಿರ ವಿಮಾನ ನಿಲ್ದಾಣದ ಕೆಲಸ ಶುರುವಾದಾಗಿನಿಂದ ಕ್ಯಾಂಟೀನಿನಲ್ಲಿ ಒಂದೇ ಪ್ರಶ್ನೆ: "ಯಾವಾಗ ಓಪನ್ ಆಗ್ತದ?" ನಾವು ಇಲ್ಲಿ ಕೇಳೋದು ಬೇರೆ ಪ್ರಶ್ನೆ. ನಮ್ಮದೂ ಗಡಿ ಜಿಲ್ಲೆನೇ, ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಆದರೆ ವಿಮಾನಕ್ಕೆ ಆ ಗಡಿ ಲೆಕ್ಕಕ್ಕೇ ಇಲ್ಲ. ಮೋಡ ಅಡ್ಡ ಬಂದರೆ ಪೈಲಟ್ ಸೋಲಾಪುರದ ಕಡೆ ತಿರುಗಿಸಬಹುದು, ಇನ್ನೊಂದು ಸರ್ಕಾರವನ್ನು ಕೇಳಬೇಕಿಲ್ಲ. ಅಲ್ಲಿರೋದು ಅಂತಾರಾಷ್ಟ್ರೀಯ ಗಡಿ ಆಗಿದ್ದರೆ?

1944ರ ಶಿಕಾಗೊ ಒಪ್ಪಂದದ ಮೊದಲ ವಿಧಿಯೇ ಹೇಳುತ್ತದೆ: ಒಂದು ದೇಶದ ನೆಲದ ಮೇಲಿನ ಆಕಾಶವೂ ಪೂರ್ತಿ ಆ ದೇಶದ್ದೇ. ಅಂದರೆ ನಕ್ಷೆಯ ಮೇಲಿನ ಗೆರೆಯನ್ನು ಗೋಡೆಯಂತೆ ಮೇಲಕ್ಕೆ ಎತ್ತಿದ ಹಾಗೆ.

ಜಮ್ಮು ವಿಮಾನ ನಿಲ್ದಾಣದಿಂದ ಪಾಕಿಸ್ತಾನದ ಗಡಿ ಸುಮಾರು 14 ಕಿ.ಮೀ. ಸಿದ್ಧೇಶ್ವರ ಗುಡಿಯ ಮುಂದೆ ನಿಂತು ಲೆಕ್ಕ ಹಾಕಿದರೆ, ತಿಕೋಟಾ ಬರುವ ಮುಂಚೆಯೇ ಗೋಡೆ ಬಂತು. ಬಬಲೇಶ್ವರವಂತೂ ದೂರವೇ ಉಳೀತು. ಇಳಿಯುವಾಗ ವಿಮಾನದ ವೇಗ ಹೆಚ್ಚುಕಮ್ಮಿ 140 ನಾಟ್, ಅಂದರೆ ಸೆಕೆಂಡಿಗೆ 72 ಮೀಟರ್. 14 ಕಿ.ಮೀ. ಮುಗಿಯೋಕೆ ಮೂರು ನಿಮಿಷದ ಮೇಲೆ ಸ್ವಲ್ಪ ಸಾಕು.

ಇಳಿಯುವ ದಾರಿ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರು. ಟ್ಯಾನ್ 3 ಅಂದರೆ 0.052. ಹಾಗಾಗಿ ನೆಲ ಮುಟ್ಟುವ ಜಾಗಕ್ಕೆ 1 ಕಿ.ಮೀ. ಇರುವಾಗ ವಿಮಾನದ ಎತ್ತರ 52 ಮೀಟರ್, ಹತ್ತಿರಹತ್ತಿರ ಗೋಳಗುಮ್ಮಟದಷ್ಟು. ಈ ಇಳಿಜಾರಿನ ಗೆರೆ ರನ್‌ವೇ ಬೇಲಿಯ ಹೊರಗೆ ಹಲವು ಕಿಲೋಮೀಟರ್ ಚಾಚಿಕೊಂಡಿರುತ್ತದೆ. ಆ ಕಡೆ ಗಡಿ ಇದ್ದರೆ ಇನ್ನೊಂದು ತುದಿಯಿಂದ ಇಳಿಯಬೇಕು. ಆಗ ಗಾಳಿ ಹಿಂದಿನಿಂದ ಬೀಸಬಹುದು. 10 ನಾಟ್ ಎದುರುಗಾಳಿಯ ಬದಲು 10 ನಾಟ್ ಹಿಂಗಾಳಿ ಅಂದರೆ ನೆಲದ ವೇಗ 130ರ ಬದಲು 150. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ತಾನೇ? ಬ್ರೇಕ್‌ಗಳು ತಿನ್ನಬೇಕಾದ ಶಕ್ತಿ ಶೇ. 33 ಜಾಸ್ತಿ ಆಯ್ತು.

ಇಳಿಯುವಾಗಿನ ಲೆಕ್ಕ ಇಷ್ಟು. ಮೇಲೆ, ಕ್ರೂಸ್ ಎತ್ತರದಲ್ಲಿ, ಗಡಿ ಇನ್ನೂ ಇಕ್ಕಟ್ಟು ಮಾಡುತ್ತದೆ. ತಿರುವಿನ ತ್ರಿಜ್ಯ ಬೇಕಾದರೆ ವೇಗದ ವರ್ಗವನ್ನು ಗುರುತ್ವ ಮತ್ತು ಬ್ಯಾಂಕ್ ಕೋನದ ಟ್ಯಾನ್‌ನ ಗುಣಲಬ್ಧದಿಂದ ಭಾಗಿಸಿ. ಸೆಕೆಂಡಿಗೆ 230 ಮೀಟರ್ ವೇಗ, 25 ಡಿಗ್ರಿ ಬ್ಯಾಂಕ್ ಇಟ್ಟುಕೊಂಡರೆ ತ್ರಿಜ್ಯ ಸುಮಾರು 11.5 ಕಿ.ಮೀ. ಒಂದು ಯು-ಟರ್ನ್‌ಗೆ 23 ಕಿ.ಮೀ. ಅಗಲ ಬೇಕು! ಬೈಕಿನಲ್ಲಿ ಗಾಂಧಿ ಚೌಕದಲ್ಲಿ ತಿರುಗಿಸಿದ ಹಾಗಲ್ಲ ಇದು.

2025ರ ಮೇ 21ರಂದು ಈ ಅಂಕಿಗಳು ಪುಸ್ತಕದಿಂದ ಹೊರಗೆ ಬಂದವು. ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ಇಂಡಿಗೊ 6ಇ-2142, ಒಳಗೆ ಇನ್ನೂರಕ್ಕೂ ಹೆಚ್ಚು ಜನ. ಪಠಾಣ್‌ಕೋಟ್ ಹತ್ತಿರ 36,000 ಅಡಿಯಲ್ಲಿ ಎದುರಿಗೆ ಆಲಿಕಲ್ಲಿನ ಮೋಡ. ಪೈಲಟ್‌ಗಳು ಎಡಕ್ಕೆ, ಗಡಿಯ ಕಡೆಗೆ ಸರಿಯಲು ನಾರ್ದರ್ನ್ ಕಂಟ್ರೋಲನ್ನು ಕೇಳಿದರು, ಒಪ್ಪಿಗೆ ಸಿಗಲಿಲ್ಲ. ಲಾಹೋರನ್ನು ಕೇಳಿದರು, ಅಲ್ಲೂ ಇಲ್ಲ. ಪಾಕಿಸ್ತಾನ ಏಪ್ರಿಲ್ 24ರಿಂದಲೇ ಭಾರತದ ವಿಮಾನಗಳಿಗೆ ಆಕಾಶ ಮುಚ್ಚಿತ್ತು, ಆಮೇಲೆ ಭಾರತವೂ ಅವರ ವಿಮಾನಗಳಿಗೆ ಮುಚ್ಚಿತ್ತು. ಹಿಂದಕ್ಕೆ ತಿರುಗೋಣ ಅಂದರೆ ಮೋಡ ಆಗಲೇ ತೀರಾ ಹತ್ತಿರ. ಮೇಲಿನ 23 ಕಿ.ಮೀ. ನೆನಪಿದೆಯಲ್ಲ? ಕೊನೆಗೆ ನೇರ ಮೋಡದೊಳಗೇ ನುಗ್ಗಿದರು.

ಒಳಗೆ ಆಟೋಪೈಲಟ್ ಕೈಬಿಟ್ಟಿತು. ಅತಿವೇಗದ ಎಚ್ಚರಿಕೆ, ಸ್ಟಾಲ್ ಎಚ್ಚರಿಕೆ ಎರಡೂ ಬಂದವು ಅಂತ ಡಿಜಿಸಿಎ ಹೇಳಿಕೆಯಲ್ಲಿದೆ. ಒಂದು ಹಂತದಲ್ಲಿ ನಿಮಿಷಕ್ಕೆ 8,500 ಅಡಿ ಇಳಿತ, ಅಂದರೆ ಸೆಕೆಂಡಿಗೆ 43 ಮೀಟರ್. ಮೋಡದಿಂದ ಹೊರಬರುವ ತನಕ ಕೈಯಿಂದಲೇ ಹಾರಿಸಿದರು. ಶ್ರೀನಗರದಲ್ಲಿ ಇಳಿದಾಗ ವಿಮಾನದ ಮೂಗು ಒಡೆದಿತ್ತು, ಜನರಿಗೆ ಏನೂ ಆಗಿರಲಿಲ್ಲ.

ಶಿಕಾಗೊ ಒಪ್ಪಂದದ 25ನೇ ವಿಧಿ, ಸಂಕಟದಲ್ಲಿರುವ ವಿಮಾನಕ್ಕೆ ನೆರವು ಕೊಡಬೇಕು ಅನ್ನುತ್ತದೆ. ಆದರೆ ಅದರ ಮಾತು "ತನ್ನ ಪ್ರದೇಶದಲ್ಲಿರುವ" ವಿಮಾನದ ಬಗ್ಗೆ. ಈ ವಿಮಾನ ಗೋಡೆಯ ಈ ಕಡೆ ಇತ್ತು. ಎರಡು ದೇಶಗಳ ಜಗಳ ಏನೇ ಇರಲಿ, ಬರೀ ಹವಾಮಾನ ತಪ್ಪಿಸೋಕೆ ಕೆಲವು ನಿಮಿಷದ ದಾರಿಯನ್ನು ಮೊದಲೇ ಬರೆದಿಡಬಹುದು ಅನ್ನೋದು ನಮ್ಮ ಅಭಿಪ್ರಾಯ. ನಮಗೂ ಇದು ದೂರದ ಸುದ್ದಿ ಅಲ್ಲ. ಸೈನಿಕ ಶಾಲೆ ಇರೋ ಊರು ನಮ್ಮದು, ರಜೆ ಮುಗಿಸಿ ಜಮ್ಮು, ಶ್ರೀನಗರಕ್ಕೆ ಹಾರುವವರು ನಮ್ಮ ಓಣಿಗಳಲ್ಲೇ ಇದ್ದಾರೆ.

ಗಡಿ ಅಂದರೆ ಬರೀ ಪಾಕಿಸ್ತಾನದ್ದಲ್ಲ. ಅಗರ್ತಲಾದ ವಿಮಾನ ನಿಲ್ದಾಣ ಬಾಂಗ್ಲಾದೇಶದ ಗಡಿಗೆ ಅಂಟಿಕೊಂಡೇ ಇದೆ. ಮಹಾರಾಜ ಬೀರ್ ಬಿಕ್ರಮ್ ಕಟ್ಟಿಸಿದ್ದು 1942ರಲ್ಲಿ, ಆಗ ಅಲ್ಲಿ ಗಡಿಯೇ ಇರಲಿಲ್ಲ. 1947ರಲ್ಲಿ ಗೆರೆ ಬಂದು ಪಕ್ಕದಲ್ಲಿ ಕೂತಿತು. ಮಂಜಿನಲ್ಲಿ ಪೈಲಟ್‌ಗೆ ದಾರಿ ತೋರುವ ಅಪ್ರೋಚ್ ಲೈಟ್‌ಗಳ ಸಾಲು ರನ್‌ವೇ ತುದಿಯಿಂದ ಆಚೆಗೆ ಪೂರ್ತಿ ಅಂದರೆ 900 ಮೀಟರ್ ಹೋಗಬೇಕು. 2019ರಲ್ಲಿ ಅಗರ್ತಲಾದ ಇಂಥ ದೀಪಗಳಿಗಾಗಿ ಬಾಂಗ್ಲಾದೇಶದ ನೆಲ ಕೇಳುವ ಮಾತು ಪತ್ರಿಕೆಗಳಲ್ಲಿ ಬಂದು, ಅಲ್ಲಿ ದೊಡ್ಡ ಚರ್ಚೆಯೇ ಆಯ್ತು. ಕೆಲವು ಕಂಬ, ಕೆಲವು ಬಲ್ಬು. ಆದರೆ ನೆಡಬೇಕಾದ ಮಣ್ಣು ಇನ್ನೊಂದು ದೇಶದ್ದು.