ಕಡಲದಂಡೆಯ ಊಟವೂ ನಮ್ಮ ಕಾಫಿ ಕಣವೂ



ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಮಧ್ಯಾಹ್ನದ ಊಟವೆಂದರೆ ಕೊಯ್ಲಿನ ನಡುವೆ ಅವಸರದಲ್ಲಿ ಮುಗಿಸುವ ಕೆಲಸ. ಇದೇ ತಿಂಗಳುಗಳಲ್ಲಿ ನಮ್ಮ ಕಾಫಿ ಕುಡಿಯುವ ಇಟಲಿಯ ಜನ, ರಜಾ ದಿನ ಬಂತೆಂದರೆ, ಕಡಲದಂಡೆಯ ಹೋಟೆಲುಗಳಲ್ಲಿ ಸಾವಕಾಶವಾಗಿ ಕುಳಿತು ಉಣ್ಣುತ್ತಾರೆ. ಭಾರತದ ಕಾಫಿ ಕೊಳ್ಳುವ ದೇಶಗಳಲ್ಲಿ ಬಹು ವರ್ಷಗಳಿಂದ ಇಟಲಿಯದೇ ಮೊದಲ ಸ್ಥಾನ. ಆದ್ದರಿಂದ ಅವರ ಊಟದ ಕ್ರಮವನ್ನು ನಾವು ತಿಳಿದಿರುವುದು ಒಳ್ಳೆಯದು. ಅದರ ಕೊನೆಗೆ ಬರುವುದು ನಮ್ಮ ಮಾಲು.

ಊರು ಮತ್ತು ಊಟ

ಇಟಲಿಯ ಈಶಾನ್ಯ ಮೂಲೆಯಲ್ಲಿ, ಏಡ್ರಿಯಾಟಿಕ್ ಸಮುದ್ರದ ತುದಿಯಲ್ಲಿ ಟ್ರಿಯೆಸ್ಟೆ ಎಂಬ ಬಂದರಿದೆ. 1719ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಅದನ್ನು ಸುಂಕಮುಕ್ತ ಬಂದರೆಂದು ಸಾರಿದನು. 1918ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯದ ಮುಖ್ಯ ಬಂದರು ಅದೇ ಆಗಿತ್ತು. ಕಾಫಿ ವ್ಯಾಪಾರ ಅಲ್ಲಿ ಅಂದಿನಿಂದಲೂ ಬೇರೂರಿದೆ. ಊರಿನ ದೊಡ್ಡ ಚೌಕದ ಒಂದು ಮಗ್ಗುಲು ಪೂರ್ತಿ ಕಡಲಿಗೆ ತೆರೆದಿದೆ. ಚೌಕದಲ್ಲಿರುವ ಒಂದು ಕಾಫಿಗೃಹ 1839ರಿಂದ ನಡೆದು ಬಂದಿದೆ.

ಚಳಿಗಾಲದಲ್ಲಿ ಅಲ್ಲಿ ‘ಬೋರಾ’ ಎಂಬ ಒಣ ಶೀತಗಾಳಿ ಬೀಸುತ್ತದೆ. ಒಮ್ಮೊಮ್ಮೆ ಅದರ ವೇಗ ಗಂಟೆಗೆ 100 ಕಿಲೋಮೀಟರು ಮೀರುತ್ತದೆ. ಹಿಂದೆ ಪಾದಚಾರಿಗಳು ಹಿಡಿದು ನಡೆಯಲೆಂದು ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರು. ಇಂಥ ಗಾಳಿಯಿಂದ ಒಳಗೆ ಬಂದು, ಗಾಜಿನ ಕಿಟಕಿಯಾಚೆಗೆ ಕಡಲು ನೋಡುತ್ತ ಕುಳಿತವರಿಗೆ ಏಳಲು ಮನಸ್ಸಾಗದಿರುವುದು ಸಹಜ.

ಆ ಸೀಮೆಯ ಚಳಿಗಾಲದ ಗಟ್ಟಿಸಾರಿಗೆ ‘ಯೋಟ’ ಎಂದು ಹೆಸರು. ಬೀನ್ಸ್ ಕಾಳು, ಆಲೂಗೆಡ್ಡೆ, ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸು, ಸಾಮಾನ್ಯವಾಗಿ ಹಂದಿಮಾಂಸದ ತುಂಡು ಇದರಲ್ಲಿರುತ್ತವೆ. ಹಂದಿಮಾಂಸಕ್ಕೆ ಕಾಚಂಪುಳಿ ಹಾಕುವ ಕೊಡಗಿನವರಿಗೆ ಈ ಜೋಡಿ ಹೊಸದಲ್ಲ. ಆಮೇಲೆ ಮೀನು: ಕರಿದ ಸಣ್ಣ ಮೀನನ್ನು ಈರುಳ್ಳಿ ಮತ್ತು ವಿನಿಗರಿನಲ್ಲಿ ನೆನೆಸಿಟ್ಟು ಬಡಿಸುವುದುಂಟು. ಬಳಿಕ ಹಣ್ಣು ಅಥವಾ ಸಿಹಿ. ಅದೂ ಮುಗಿದ ಮೇಲೆ ಕಾಫಿ. ಹಾಲು ಹೆಚ್ಚಿದ ಕಪುಚಿನೊ ಇಟಲಿಯವರಿಗೆ ಬೆಳಗಿನ ಪಾನೀಯ. ಊಟದ ಮೇಲೆ ಅದನ್ನು ಕುಡಿಯುವ ರೂಢಿಯಿಲ್ಲ. ಟ್ರಿಯೆಸ್ಟೆಯಲ್ಲಿ ‘ನೇರೊ’, ಅಂದರೆ ಕಪ್ಪು, ಎಂದರೆ ಸಾಕು, ಪುಟ್ಟ ಬಟ್ಟಲಿನಲ್ಲಿ ಎಸ್ಪ್ರೆಸೊ ಬರುತ್ತದೆ.

ಬಟ್ಟಲಿನ ಲೆಕ್ಕ

ಆ ಬಟ್ಟಲಿಗೆ ಬೇಕಾಗುವುದು ಸುಮಾರು 7 ಗ್ರಾಂ ಪುಡಿ, ಎಂದರೆ ಹೆಚ್ಚುಕಡಿಮೆ 50 ಕಾಳು. ಬಿಸಿನೀರನ್ನು ಹೆಚ್ಚಿನ ಒತ್ತಡದಲ್ಲಿ ಸುಮಾರು 25 ಸೆಕೆಂಡು ಹಾಯಿಸಿದರೆ 25ರಿಂದ 30 ಮಿಲಿಲೀಟರು ಕಷಾಯ ಇಳಿಯುತ್ತದೆ. ಮೇಲಿನ ದಪ್ಪ ನೊರೆಗೂ ಬಾಯಿ ತುಂಬುವ ಗುಣಕ್ಕೂ ರೊಬಸ್ಟಾ ಬೆರೆಸುತ್ತಾರೆ. ನಮ್ಮ ರೊಬಸ್ಟಾಕ್ಕೆ, ಅದರಲ್ಲೂ ಪಲ್ಪರಿಗೆ ಹಾಕಿ ತೊಳೆದ ಪಾರ್ಚ್‌ಮೆಂಟಿಗೆ, ಅಲ್ಲಿ ಬೆಲೆಯಿರುವುದು ಇದರಿಂದಲೇ.

ನಮ್ಮ ಮನೆಯ ಕಾಫಿಯಲ್ಲಿ ಹಾಲು, ಸಕ್ಕರೆ, ಚಿಕೋರಿ ಸೇರಿ ಎಷ್ಟೋ ದೋಷ ಮರೆಯಾಗುತ್ತದೆ. ಆ ಪುಟ್ಟ ಬಟ್ಟಲಿನಲ್ಲಿ ಯಾವುದೂ ಮರೆಯಾಗದು. 50 ಕಾಳಿನಲ್ಲಿ ಒಂದು ಹುಳಿತಿದ್ದರೂ ಬೂಸ್ಟು ಹಿಡಿದಿದ್ದರೂ ಇಡೀ ಊಟದ ಕೊನೆಯ ರುಚಿ ಕೆಡಬಹುದು. ಸಂಘದ ರಾಶಿಯಲ್ಲಿ ಆ 50 ಕಾಳು 50 ಮನೆಗಳಿಂದ ಬಂದಿರಬಹುದೆಂಬುದನ್ನು ಸದಸ್ಯರು ಮರೆಯಬಾರದು. 1996ರಲ್ಲಿ ಪೂಲ್ ಮಾರಾಟ ಪದ್ಧತಿ ಪೂರ್ತಿ ಕೊನೆಗೊಂಡಿತು. ಅಂದಿನಿಂದ ಮಾಲಿನ ಹೆಸರು ಉಳಿಸಿಕೊಳ್ಳುವ ಹೊಣೆ ನಮ್ಮದೇ.

ಬೂಸ್ಟಿನ ವಿಷಯದಲ್ಲಿ ಕಾನೂನೂ ಬಿಗಿಯಾಗಿದೆ. ಬೂಸ್ಟಿನಿಂದ ಹುಟ್ಟುವ ಆಕ್ರಟಾಕ್ಸಿನ್ ಎಂಬ ವಿಷ ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಯುರೋಪಿನಲ್ಲಿ ಮೊದಲು ನಿಯಮವಿತ್ತು. 2023ರಿಂದ ಆ ಮಿತಿಯನ್ನು 3ಕ್ಕೆ ಇಳಿಸಿದ್ದಾರೆ.

ನಮ್ಮ ಕಣದಲ್ಲಿ

1. ಹಣ್ಣಾದುದನ್ನು ಮಾತ್ರ ಕೊಯ್ಯಿರಿ. ಹಸಿರು ಕಾಯಿ, ನೆಲಕ್ಕುದುರಿದ ಹಣ್ಣು ಬೇರೆಯಾಗಿರಲಿ.
2. ಕೊಯ್ದ ಹಣ್ಣನ್ನು ಚೀಲದಲ್ಲಿ ರಾತ್ರಿ ಕಳೆಯಲು ಬಿಡಬೇಡಿ. ಅಂದೇ ಪಲ್ಪರಿಗೆ ಹಾಕಿ, ಇಲ್ಲವೇ ಕಣದಲ್ಲಿ ಹರಡಿ.
3. ಮಣ್ಣಿನ ನೆಲದ ಮೇಲೆ ಒಣಗಿಸಬೇಡಿ. ಹಗಲು ಕೈಯಾಡಿಸುತ್ತಿರಿ. ಸಂಜೆ ರಾಶಿ ಮಾಡಿ ಮುಚ್ಚಿರಿ.
4. ತೇವಾಂಶ ಪಾರ್ಚ್‌ಮೆಂಟಿಗೆ ಶೇಕಡ 10, ರೊಬಸ್ಟಾ ಚೆರಿಗೆ ಶೇಕಡ 11ಕ್ಕೆ ಇಳಿಯಬೇಕು. ಮಾಪಕವಿಲ್ಲದವರು ಒಂದೇ ಅಳತೆಯ ಕಾಫಿಯನ್ನು ದಿನವೂ ತೂಗಿ ನೋಡಿ, ಎರಡು ದಿನ ತೂಕ ಇಳಿಯದೆ ನಿಂತ ಮೇಲೆ ಚೀಲಕ್ಕೆ ತುಂಬಲಿ.
5. ಕಾಫಿ ಬೇಗ ವಾಸನೆ ಹೀರುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆ, ಗೊಬ್ಬರ, ಔಷಧಿಗಳಿಂದ ಅದನ್ನು ದೂರವಿಡಿ.

ಈ ಚಳಿಗಾಲದಲ್ಲಿ ಅಲ್ಲಿ ಕುಡಿಯುತ್ತಿರುವುದು ಬಹುಮಟ್ಟಿಗೆ ನಮ್ಮ ಹಿಂದಿನ ಫಸಲು. ಇಂದು ಕಣದಲ್ಲಿರುವುದು ಕ್ಯೂರಿಂಗ್ ಮುಗಿಸಿ, ಹಡಗು ಹತ್ತಿ, ಮುಂದಿನ ಚಳಿಗಾಲದ ಊಟಕ್ಕೆ ಒದಗಬೇಕು. ಅಷ್ಟು ಕಾಲ ಕೆಡದೆ ನಿಲ್ಲುವ ಶಕ್ತಿ ಅದಕ್ಕೆ ಬರುವುದು ಈ ಹತ್ತು-ಹದಿನೈದು ದಿನದ ಬಿಸಿಲಿನಲ್ಲಿ.

ಮುಂದಿನ ಗುಂಪು ಸಭೆಯಲ್ಲಿ ಚರ್ಚಿಸಲು: ನಮ್ಮ ಗ್ರಾಮದಲ್ಲಿ ಎಷ್ಟು ಮನೆಗೆ ಸಿಮೆಂಟ್ ಕಣವಿದೆ? ಇಲ್ಲದವರು ನೆರೆಯವರ ಕಣವನ್ನು ಸರದಿಯಂತೆ ಬಳಸಲು ಸಾಧ್ಯವೇ? ತೇವಾಂಶ ಮಾಪಕವೊಂದನ್ನು ಗುಂಪಿನಲ್ಲಿ ಕೊಳ್ಳಬಹುದೇ? ಸದಸ್ಯರು ಆಲೋಚಿಸಿ ಬರಬೇಕೆಂದು ಕೋರುತ್ತೇವೆ.