ಹುಮನಾಬಾದಿನ ಮಗ್ಗುಲಲ್ಲೊಂದು ಅವಿಭಾಜ್ಯ ಸಂಖ್ಯೆ

1ರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡದಾದ ಪೂರ್ಣಾಂಕವೇ ಅವಿಭಾಜ್ಯ ಸಂಖ್ಯೆ. 7, 13, 19 ಇಂಥವನ್ನು ಬಾಯಿಲೆಕ್ಕದಿಂದಲೇ ಗುರುತಿಸಬಹುದು. ಆರು ಅಂಕಿಗಳ ಸಂಖ್ಯೆಯಾದರೆ ಗುರುತಿಸುವ ಬಗೆ ಯಾವುದು? ಬೀದರ್ ಜಿಲ್ಲೆಯ ಎರಡು ಊರುಗಳ ಅಂಚೆಯ ಪಿನ್ ಸಂಖ್ಯೆಗಳಿಂದಲೇ ನಾವು ತೊಡಗೋಣ.

ಬಸವಕಲ್ಯಾಣದ ಪಿನ್ 585327. ಇದರ ಅಂಕಿಗಳ ಮೊತ್ತ 30; ಆದುದರಿಂದ ಸಂಖ್ಯೆಯು 3ರಿಂದ ಭಾಗವಾಗುವುದು. ಪೂರ್ತಿಯಾಗಿ ಬಿಡಿಸಿದರೆ 3 × 17 × 23 × 499. ಹುಮನಾಬಾದಿನ 585330 ಸೊನ್ನೆಯಲ್ಲಿ ಮುಗಿಯುವುದರಿಂದ ಅವಿಭಾಜ್ಯವಲ್ಲವೆಂದು ನೋಡಿದೊಡನೆಯೇ ತಿಳಿಯುವುದು. ಅದು 2 × 3 × 5 × 109 × 179.

ಅದರ ಮುಂದಿನ 585331 ಅಷ್ಟು ಸುಲಭವಾಗಿ ತನ್ನ ಗುಟ್ಟನ್ನು ಬಿಟ್ಟುಕೊಡದು. ಸಂಖ್ಯೆಯೊಂದು ವಿಭಾಜ್ಯವಾಗಿದ್ದರೆ ಅದರ ಒಂದು ಅವಿಭಾಜ್ಯ ಅಪವರ್ತನವಾದರೂ ವರ್ಗಮೂಲವನ್ನು ಮೀರಿರಲಾರದು. ಇಲ್ಲಿ ವರ್ಗಮೂಲವು 765ಕ್ಕಿಂತ ತುಸು ಹೆಚ್ಚು. ಅದರೊಳಗಿನ ಅವಿಭಾಜ್ಯಗಳು 135. ಕ್ರಮವಾಗಿ ಭಾಗಿಸುತ್ತ ಹೋದರೆ 123 ಸಲ ಶೇಷವುಳಿದು, 124ನೆಯ ಅವಿಭಾಜ್ಯವಾದ 683ರಿಂದ ಭಾಗವಾಗುವುದು: 585331 = 683 × 857.

17ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಇದಕ್ಕೊಂದು ಒಳದಾರಿಯನ್ನು ತೋರಿಸಿದನು. ವರ್ಗಮೂಲಕ್ಕಿಂತ ದೊಡ್ಡವಾದ 766, 767, 768 ಮೊದಲಾದವುಗಳ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದು, ಉಳಿದುದು ಪೂರ್ಣವರ್ಗವೇ ಎಂದು ನೋಡಬೇಕು. ಐದನೆಯ ಯತ್ನದಲ್ಲಿ 770² − 585331 = 7569 = 87². ಆದುದರಿಂದ ಅಪವರ್ತನಗಳು 770 − 87 ಮತ್ತು 770 + 87. ಎಂದರೆ 683 ಮತ್ತು 857. ಅಪವರ್ತನಗಳೆರಡೂ ವರ್ಗಮೂಲಕ್ಕೆ ಸಮೀಪವಾಗಿರುವುದೇ ಈ ಸೌಲಭ್ಯಕ್ಕೆ ಕಾರಣ.

585332ರಿಂದ 585336ರವರೆಗಿನವು 2, 3 ಅಥವಾ 5ರಿಂದ ಭಾಗವಾಗುವುವು. ಆದರೆ 585337ನ್ನು ಆ 135 ಅವಿಭಾಜ್ಯಗಳಿಂದಲೂ ಭಾಗಿಸಿದರೆ ಪ್ರತಿಸಲವೂ ಶೇಷವುಳಿಯುವುದು. ಹುಮನಾಬಾದಿನ ಸಂಖ್ಯೆಯನ್ನು ದಾಟಿದ ಮೇಲೆ ದೊರೆಯುವ ಮೊದಲ ಅವಿಭಾಜ್ಯವಿದು. ಇದನ್ನು 4ರಿಂದ ಭಾಗಿಸಿದರೆ ಶೇಷ 1. ಅಂಥ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತವಾಗಿರುವುದು, ಅದೂ ಒಂದೇ ಒಂದು ಬಗೆಯಲ್ಲಿ. ಫರ್ಮಾ ಹೇಳಿದ ಈ ಪ್ರಮೇಯವನ್ನು 18ನೆಯ ಶತಮಾನದಲ್ಲಿ ಆಯ್ಲರ್ ಸಾಧಿಸಿದನು. ನಮ್ಮ ಸಂಖ್ಯೆಗೆ ಆ ಬಗೆ ಹೀಗಿದೆ: 749² + 156² = 561001 + 24336 = 585337.

ಇವೆಲ್ಲ ಬರಿಯ ವಿನೋದವಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದ ಗೂಢಲಿಪಿಯ ಭದ್ರತೆಯು, ಎರಡು ಭಾರಿ ಅವಿಭಾಜ್ಯಗಳ ಗುಣಲಬ್ಧವನ್ನು ಮರಳಿ ಬಿಡಿಸುವ ಕಷ್ಟವನ್ನು ಅವಲಂಬಿಸಿದೆ. ಗಣಕಯಂತ್ರಗಳ ನಡುವೆ ಸಾಗುವ ರಹಸ್ಯಗಳನ್ನು ಕಾಯಲು ಇಂದು ನೂರಾರು ಅಂಕಿಗಳ ಅವಿಭಾಜ್ಯಗಳನ್ನು ಬಳಸುವರು. ಆದರೆ ಅವೆರಡನ್ನೂ ತೀರ ಹತ್ತಿರದಲ್ಲಿ ಆರಿಸಿದರೆ, 585331ನ್ನು ಬಿಡಿಸಿದ ಉಪಾಯವೇ ಕಳ್ಳನ ಕೈಗೆ ಬೀಗದ ಕೈಯಾಗುವುದು.

ಕರ್ನಾಟಕದ ಯಾವ ಪಿನ್ ಸಂಖ್ಯೆಯ ವರ್ಗಮೂಲವೂ 775ನ್ನು ಮುಟ್ಟದು. ಹೆಚ್ಚೆಂದರೆ 137 ಭಾಗಾಕಾರಗಳು ಸಾಕು. ವಾಚಕರು ತಮ್ಮ ಊರಿನ ಸಂಖ್ಯೆಯನ್ನು ಪರೀಕ್ಷಿಸಿ ನೋಡಲಿ.