ಲಸಿಕೆಯ ನಿರ್ಧಾರ ಮತ್ತು ತಜ್ಞರ ಸಲಹೆ

ಮುಂಬಯಿಯ ವಡಾಲಾ ಮತ್ತು ಸಯನ್‌ಗಳ ನಡುವಣ ಆಂಟಾಪ್ ಹಿಲ್ ಪ್ರದೇಶದಲ್ಲಿ ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳೂ ಇಕ್ಕಟ್ಟಾದ ಕೊಳೆಗೇರಿಗಳೂ ಅಕ್ಕಪಕ್ಕದಲ್ಲಿಯೇ ಇವೆ. ವರ್ಗವಾಗಿ ಬಂದ ನೌಕರನ ಮಗುವಿಗೂ ಕೂಲಿಗಾಗಿ ಊರು ಬಿಟ್ಟು ಬಂದ ಕುಟುಂಬದ ಮಗುವಿಗೂ ಒಂಬತ್ತು ತಿಂಗಳು ತುಂಬಿದಾಗ ಸರ್ಕಾರಿ ಕಾರ್ಯಕ್ರಮದಡಿ ಒಂದೇ ಬಗೆಯ ದಡಾರ-ರುಬೆಲ್ಲಾ ಲಸಿಕೆ ಉಚಿತವಾಗಿ ದೊರೆಯುತ್ತದೆ. 16ರಿಂದ 24 ತಿಂಗಳುಗಳ ನಡುವೆ ಎರಡನೆಯ ಡೋಸನ್ನು ಕೊಡಲಾಗುತ್ತದೆ. ಈ ಅವಧಿಗಳನ್ನು ಮಗುವಿನ ಲಸಿಕಾ ಕಾರ್ಡಿನಲ್ಲಿ ಮುದ್ರಿಸಲಾಗಿದೆ.

ಇವುಗಳನ್ನು ಗೊತ್ತುಮಾಡಿದವರು ಯಾರು? ಆರನೆಯ ತಿಂಗಳಲ್ಲಿಯೇ ಏಕೆ ಕೊಡುವುದಿಲ್ಲ? ಒಂದು ಡೋಸು ಸಾಲದೇ? ಮಗುವನ್ನು ಎತ್ತಿಕೊಂಡು ಸರದಿಯಲ್ಲಿ ನಿಂತ ತಾಯಿಯ ಮನಸ್ಸಿನಲ್ಲಿ ಇಂತಹ ಪ್ರಶ್ನೆಗಳು ಏಳುವುದು ಸಹಜ. ಅವುಗಳಿಗೆ ಉತ್ತರವನ್ನು ಹುಡುಕುವ ಕೆಲಸ ಸಲಹಾಕಾರ ತಜ್ಞರದು. ಆ ಉತ್ತರವನ್ನು ನೀತಿಯಾಗಿ ಅಂಗೀಕರಿಸುವ ಹೊಣೆ ಸರ್ಕಾರದ್ದು.

ಒಂಬತ್ತು ತಿಂಗಳಿನ ಲೆಕ್ಕ

ಶಿಶುವು ತಾಯಿಯ ಗರ್ಭದಲ್ಲಿರುವಾಗಲೇ ಆಕೆಯ ರಕ್ತದಿಂದ ರೋಗನಿರೋಧಕ ಅಂಶಗಳನ್ನು ಪಡೆಯುತ್ತದೆ. ಹುಟ್ಟಿದ ಮೇಲೆ ಕೆಲವು ತಿಂಗಳು ಅವು ಮಗುವನ್ನು ದಡಾರದಿಂದ ಕಾಪಾಡುತ್ತವೆ. ಆದರೆ ಅವೇ ಅಂಶಗಳು ಲಸಿಕೆಯ ಪರಿಣಾಮವನ್ನೂ ತಗ್ಗಿಸುತ್ತವೆ. ತೀರ ಬೇಗನೆ ಲಸಿಕೆ ಕೊಟ್ಟರೆ ಅದು ಫಲಿಸದೆ ಹೋಗಬಹುದು. ತಡಮಾಡಿದರೆ ಲಸಿಕೆಗೆ ಮುಂಚೆಯೇ ರೋಗ ಬಂದು ತಗಲಬಹುದು. ರೋಗದ ಹಾವಳಿ ಕಡಿಮೆಯಿರುವ ದೇಶಗಳಲ್ಲಿ ಮೊದಲ ಡೋಸನ್ನು ಹನ್ನೆರಡು ತಿಂಗಳು ತುಂಬಿದ ಮೇಲೆ ಕೊಡುವುದುಂಟು. ಎಳೆಯ ಮಕ್ಕಳಿಗೂ ದಡಾರ ತಗಲುವ ಭಾರತದಂತಹ ದೇಶದಲ್ಲಿ ಒಂಬತ್ತು ತಿಂಗಳು ಸೂಕ್ತವೆಂದು ಕಂಡುಬಂದಿದೆ.

ಎರಡನೆಯ ಡೋಸಿಗೂ ಇಂತಹುದೇ ಲೆಕ್ಕವಿದೆ. ಒಂಬತ್ತು ತಿಂಗಳಿಗೆ ಲಸಿಕೆ ಪಡೆದ ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ದೊರೆಯುತ್ತದೆ. ಒಂದು ಬಡಾವಣೆಯ ನೂರು ಮಕ್ಕಳಲ್ಲಿ 85 ಮಕ್ಕಳು ಲಸಿಕೆ ಹಾಕಿಸಿಕೊಂಡರೆಂದು ಭಾವಿಸಿದರೆ, ನಿಜವಾಗಿ ರಕ್ಷಣೆ ಪಡೆದವರು ಸುಮಾರು 72 ಮಾತ್ರ. ದಡಾರ ಹರಡದಂತೆ ತಡೆಯಲು ನೂರಕ್ಕೆ ಸುಮಾರು 95 ಮಂದಿಯಲ್ಲಿ ನಿರೋಧಕ ಶಕ್ತಿ ಇರಬೇಕು. ಈ ಅಂತರವನ್ನು ತುಂಬಲು ಎರಡನೆಯ ಅವಕಾಶ ಅಗತ್ಯವೆಂದು ರಾಷ್ಟ್ರೀಯ ಸಲಹಾ ತಂಡವು 2008ರಲ್ಲಿ ಶಿಫಾರಸು ಮಾಡಿತು. ಮೊದಲ ಡೋಸಿನ ವ್ಯಾಪ್ತಿ ಶೇಕಡ 80ನ್ನು ಮುಟ್ಟದ ರಾಜ್ಯಗಳಲ್ಲಿ ಮೊದಲು ವಿಶೇಷ ಆಂದೋಲನ, ಉಳಿದ ರಾಜ್ಯಗಳಲ್ಲಿ ನಿತ್ಯದ ಕಾರ್ಯಕ್ರಮದಲ್ಲಿಯೇ ಎರಡನೆಯ ಡೋಸು ಎಂಬ ವಿವೇಚನೆಯೂ ಆ ಸಲಹೆಯಲ್ಲಿ ಇತ್ತು. ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡನೆಯ ವರ್ಗಕ್ಕೆ ಸೇರಿದವು. ಸ್ಥಳದ ಸ್ಥಿತಿಗತಿಯನ್ನು ಅರಿತು ಸಲಹೆ ನೀಡುವ ರೀತಿಗೆ ಇದು ಉದಾಹರಣೆ.

ಪರೇಲ್ ಕಲಿಸಿದ ಪಾಠ

ಆಂಟಾಪ್ ಹಿಲ್‌ನಿಂದ ಕೆಲವೇ ಕಿಲೋಮೀಟರ್ ದೂರದ ಪರೇಲ್‌ನಲ್ಲಿ ಹಾಫ್‌ಕಿನ್ ಸಂಸ್ಥೆ ಇದೆ. ತಜ್ಞರ ಸಲಹೆಯ ಶಕ್ತಿ ಮತ್ತು ದೌರ್ಬಲ್ಯ ಎರಡನ್ನೂ ಅದರ ಆರಂಭದ ಇತಿಹಾಸದಲ್ಲಿ ಕಾಣಬಹುದು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಜೀವಾಣು ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅವರನ್ನು ಸರ್ಕಾರ ಕರೆಸಿಕೊಂಡಿತು. ಅವರು ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲಿಗೆ ತಮಗೇ ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ನೀಡಲಾಯಿತು. ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗಲಿ 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ರೋಗ ತಗಲಿದರೂ ಯಾರೂ ಸಾಯಲಿಲ್ಲ.

ಅದೇ ವರ್ಷ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದು, ಮನೆಗಳ ಶೋಧನೆ ಮತ್ತು ರೋಗಿಗಳನ್ನು ಬಲವಂತವಾಗಿ ಬೇರ್ಪಡಿಸುವ ಕ್ರಮಗಳನ್ನು ಕೈಗೊಂಡಿತು. ಜನರ ಆಚಾರ, ಮಾನಮರ್ಯಾದೆಗಳನ್ನು ಗಣಿಸದ ಈ ಕ್ರಮಗಳಿಂದ ರೋಷ ಹೆಚ್ಚಿ 1898ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಗಲಭೆಯೇ ನಡೆಯಿತು. ಲಸಿಕೆಯ ಹಾದಿ ಬೇರೆಯಾಗಿತ್ತು. ಅದನ್ನು ಕಡ್ಡಾಯ ಮಾಡಲಿಲ್ಲ. ಮೂರನೆಯ ಆಗಾ ಖಾನ್ ಅವರು ತಮ್ಮ ಅನುಯಾಯಿಗಳ ಎದುರಿನಲ್ಲಿಯೇ ಲಸಿಕೆ ಹಾಕಿಸಿಕೊಂಡು ಭಯವನ್ನು ದೂರಮಾಡಿದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಾರು ಮಂದಿ ಲಸಿಕೆ ಪಡೆದರು. ಎಡಿನ್‌ಬರೋದ ಪ್ರಾಧ್ಯಾಪಕ ಥಾಮಸ್ ಫ್ರೇಸರ್ ಅವರ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗವು ಸಾಕ್ಷ್ಯಗಳನ್ನು ಪರಿಶೀಲಿಸಿ, ಲಸಿಕೆಯು ರೋಗವನ್ನೂ ಸಾವನ್ನೂ ಕಡಿಮೆ ಮಾಡುತ್ತದೆಂದು ಒಪ್ಪಿಕೊಂಡಿತು. ಆದರೆ ಸಂಪೂರ್ಣ ರಕ್ಷಣೆ ದೊರೆಯುತ್ತದೆಂದು ಹೇಳಲಿಲ್ಲ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ದುರಂತವೊಂದು ಸಂಭವಿಸಿತು. ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಪ್ರಯೋಗಾಲಯದಲ್ಲಿಯೇ ಲಸಿಕೆ ಕಲುಷಿತವಾಗಿತ್ತೆಂದು ವಿಚಾರಣಾ ಆಯೋಗವು ಅಭಿಪ್ರಾಯಪಟ್ಟಿತು. ಹಾಫ್‌ಕಿನ್ ಅವರು ಹುದ್ದೆಯನ್ನು ಕಳೆದುಕೊಂಡರು. ಆದರೆ ಸೀಸೆ ತೆರೆಯುವಾಗ ನೆಲಕ್ಕೆ ಬಿದ್ದ ಚಿಮುಟವನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ ಸಂಗತಿ ದಾಖಲೆಯಲ್ಲಿಯೇ ಇತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಈ ದಾಖಲೆಯನ್ನು ಮುಂದಿಟ್ಟು 1907ರಲ್ಲಿ ಬಹಿರಂಗವಾಗಿ ವಾದಿಸಿದ ಮೇಲೆ ಹಾಫ್‌ಕಿನ್ ಅವರು ದೋಷಮುಕ್ತರಾದರು. 1925ರಲ್ಲಿ ಪರೇಲ್‌ನ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. ತಜ್ಞರೂ ತಪ್ಪಬಹುದು. ಸಾಕ್ಷ್ಯವನ್ನು ಬರೆದಿಟ್ಟು ಇತರರ ಪರೀಕ್ಷೆಗೆ ತೆರೆದಿಟ್ಟಲ್ಲಿ ಆ ತಪ್ಪನ್ನು ತಿದ್ದಲು ಸಾಧ್ಯವೆಂಬುದು ಈ ಪ್ರಕರಣದ ಪಾಠ.

ಇಂದಿನ ವ್ಯವಸ್ಥೆ

ಭಾರತದಲ್ಲಿ ಲಸಿಕೆಗೆ ಸಂಬಂಧಿಸಿದ ಹೊಣೆಗಳನ್ನು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಲಾಗಿದೆ. ಲಸಿಕೆಯೊಂದು ಸುರಕ್ಷಿತವೇ, ಫಲಕಾರಿಯೇ ಎಂಬುದನ್ನು ಪರಿಶೀಲಿಸಿ ಪರವಾನಗಿ ನೀಡುವವರು ಔಷಧ ಮಹಾನಿಯಂತ್ರಕರು. ಅದನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಸಬೇಕೇ, ಯಾವ ವಯಸ್ಸಿಗೆ, ಎಷ್ಟು ಡೋಸು ಎಂಬುದನ್ನು ಕುರಿತು ಸಲಹೆ ನೀಡುವುದು 2001ರಲ್ಲಿ ರಚಿತವಾದ ಲಸಿಕೆ ಕುರಿತ ರಾಷ್ಟ್ರೀಯ ತಾಂತ್ರಿಕ ಸಲಹಾ ತಂಡ, ಅಂದರೆ ಎನ್‌ಟಿಎಜಿಐ. ಲಸಿಕೆಯ ನಂತರ ಕಂಡುಬರುವ ಅಹಿತಕರ ಘಟನೆಗಳ ಪರಿಶೀಲನೆಗೆ ಪ್ರತ್ಯೇಕ ಸಮಿತಿಗಳಿವೆ.

ಸಲಹಾ ತಂಡದಲ್ಲಿ ಮಕ್ಕಳ ವೈದ್ಯರು, ಸಾಂಕ್ರಾಮಿಕ ರೋಗಶಾಸ್ತ್ರಜ್ಞರು, ಸಾರ್ವಜನಿಕ ಆರೋಗ್ಯ ತಜ್ಞರು ಮುಂತಾದವರು ಇರುತ್ತಾರೆ. ಅದರ ಸ್ಥಾಯೀ ತಾಂತ್ರಿಕ ಉಪಸಮಿತಿಯು ರೋಗದ ಹೊರೆ, ಲಸಿಕೆಯ ಗುಣ, ವೆಚ್ಚ, ಶೀತಲ ಸರಪಳಿಯ ಸಾಮರ್ಥ್ಯ ಇವೆಲ್ಲವನ್ನು ತೂಗಿನೋಡಿ ತನ್ನ ಅಭಿಪ್ರಾಯವನ್ನು ಮಂಡಿಸುತ್ತದೆ. ಲಸಿಕೆ ತಯಾರಕರೊಡನೆ ಸಂಬಂಧವಿದ್ದರೆ ಸದಸ್ಯರು ಅದನ್ನು ಮೊದಲೇ ಪ್ರಕಟಪಡಿಸಬೇಕು. ತಂಡದ ಶಿಫಾರಸು ಆದೇಶವಲ್ಲ. ಅಂತಿಮ ತೀರ್ಮಾನ ಸರ್ಕಾರದ್ದು. ಇಂಗ್ಲೆಂಡಿನಲ್ಲಿ 2009ರ ನಿಯಮಗಳ ಪ್ರಕಾರ ಕೆಲವು ಷರತ್ತುಗಳಿಗೆ ಒಳಪಟ್ಟು ಸಲಹಾ ಸಮಿತಿಯ ಶಿಫಾರಸನ್ನು ಸರ್ಕಾರ ಜಾರಿಗೆ ತರಲೇಬೇಕು. ಅಮೆರಿಕದಲ್ಲಾದರೋ 2025ರ ಜೂನ್‌ನಲ್ಲಿ ಇಂತಹ ಸಮಿತಿಯ ಎಲ್ಲ 17 ಸದಸ್ಯರನ್ನು ಒಮ್ಮೆಲೇ ತೆಗೆದುಹಾಕಲಾಯಿತು. ತಜ್ಞರಿಗೆ ಎಷ್ಟು ಸ್ವಾತಂತ್ರ್ಯ, ಸರ್ಕಾರಕ್ಕೆ ಎಷ್ಟು ಅಧಿಕಾರ ಎಂಬುದನ್ನು ಪ್ರತಿಯೊಂದು ದೇಶವೂ ತನ್ನದೇ ರೀತಿಯಲ್ಲಿ ನಿರ್ಧರಿಸಿಕೊಂಡಿದೆ.

2022ರ ದಡಾರ

2022ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯಲ್ಲಿ ದಡಾರ ತೀವ್ರವಾಗಿ ಹರಡಿತು. ಆಂಟಾಪ್ ಹಿಲ್‌ನ ಪೂರ್ವಕ್ಕಿರುವ ಗೋವಂಡಿಯ ಜನನಿಬಿಡ ಬಡಾವಣೆಗಳು ಹೆಚ್ಚು ಬಾಧೆಗೊಳಗಾದವು. ಕೋವಿಡ್ ಕಾಲದಲ್ಲಿ ನಿತ್ಯದ ಲಸಿಕೆಗಳಿಂದ ಹೊರಗುಳಿದ ಮಕ್ಕಳು ಅಲ್ಲಿ ಅನೇಕರಿದ್ದರು. ಕೇಂದ್ರ ಸರ್ಕಾರವು ನವೆಂಬರ್ 9ರಂದು ತಜ್ಞರ ತಂಡವನ್ನು ಮುಂಬಯಿಗೆ ಕಳುಹಿಸಿತು. ನವೆಂಬರ್ 23ರಂದು ತಜ್ಞರೊಡನೆ ನಡೆದ ಸಮಾಲೋಚನೆಯ ಆಧಾರದ ಮೇಲೆ ರಾಜ್ಯಕ್ಕೆ ಎರಡು ಸಲಹೆಗಳನ್ನು ನೀಡಲಾಯಿತು. ಮೊದಲನೆಯದಾಗಿ, ಅಪಾಯವಿರುವ ಪ್ರದೇಶಗಳಲ್ಲಿ ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಒಂದು ಹೆಚ್ಚುವರಿ ಡೋಸು ಕೊಡುವುದು. ಎರಡನೆಯದಾಗಿ, ಒಟ್ಟು ರೋಗಿಗಳಲ್ಲಿ ಒಂಬತ್ತು ತಿಂಗಳೊಳಗಿನ ಶಿಶುಗಳ ಪ್ರಮಾಣ ಶೇಕಡ 10ನ್ನು ಮೀರಿದ ಕಡೆ ಆರು ತಿಂಗಳು ತುಂಬಿದ ಶಿಶುಗಳಿಗೂ ಲಸಿಕೆ ನೀಡುವುದು.

ಎಳೆಯ ವಯಸ್ಸಿನಲ್ಲಿ ಲಸಿಕೆ ಅಷ್ಟಾಗಿ ಫಲಿಸದೆಂಬುದನ್ನು ಈ ಸಲಹೆ ಮರೆಯಲಿಲ್ಲ. ಆ ಡೋಸನ್ನು ‘ಶೂನ್ಯ ಡೋಸು’ ಎಂದೇ ಪರಿಗಣಿಸಿ, ಆನಂತರ ಕ್ರಮಪ್ರಕಾರದ ಎರಡು ಡೋಸುಗಳನ್ನೂ ಕೊಡಬೇಕೆಂದು ಸ್ಪಷ್ಟಪಡಿಸಲಾಯಿತು. ರೋಗ ಮನೆಬಾಗಿಲಿಗೆ ಬಂದಿರುವಾಗ ಅಪೂರ್ಣ ರಕ್ಷಣೆಯೂ ಅಮೂಲ್ಯವಾದುದು. ಹೀಗೆ ಕಾರ್ಡಿನಲ್ಲಿರುವ ಒಂಬತ್ತು ತಿಂಗಳ ನಿಯಮವು ಪರಿಸ್ಥಿತಿ ಬದಲಾದಾಗ ಸಕಾರಣವಾಗಿ ಸಡಿಲಗೊಂಡಿತು.

ಭಿನ್ನಾಭಿಪ್ರಾಯ ಮತ್ತು ವಿಶ್ವಾಸ

ಸಲಹೆ ಬದಲಾದರೆ ಜನರಲ್ಲಿ ಸಂದೇಹ ಮೂಡುವುದುಂಟು. ಕೋವಿಶೀಲ್ಡ್ ಲಸಿಕೆಯ ಎರಡು ಡೋಸುಗಳ ಅಂತರವನ್ನು 2021ರ ಮಾರ್ಚಿನಲ್ಲಿ 6ರಿಂದ 8 ವಾರಗಳಿಗೂ, ಮೇ 13ರಂದು 12ರಿಂದ 16 ವಾರಗಳಿಗೂ ಹೆಚ್ಚಿಸಲಾಯಿತು. ಅಷ್ಟು ದೀರ್ಘ ಅಂತರಕ್ಕೆ ಸಾಕಷ್ಟು ಮಾಹಿತಿ ಇರಲಿಲ್ಲವೆಂದು ಸಲಹಾ ತಂಡದ ಕೆಲವು ಸದಸ್ಯರು ಆನಂತರ ಹೇಳಿದುದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ತೀರ್ಮಾನವು ವೈಜ್ಞಾನಿಕ ಆಧಾರದ ಮೇಲೆ ಪಾರದರ್ಶಕವಾಗಿ ಆಗಿದೆಯೆಂದು ಸರ್ಕಾರ ಉತ್ತರಿಸಿತು. ಸಭೆಯಲ್ಲಿ ಯಾರು ಏನು ಹೇಳಿದರು, ಯಾವ ಮಾಹಿತಿಯನ್ನು ನಂಬಿದರು ಎಂಬುದು ಬೇಗನೆ ಪ್ರಕಟವಾದಷ್ಟೂ ಇಂತಹ ಗೊಂದಲ ಕಡಿಮೆಯಾಗುತ್ತದೆ. ತಜ್ಞರಲ್ಲಿ ಭಿನ್ನಾಭಿಪ್ರಾಯ ಇರುವುದು ಲೋಪವಲ್ಲ. ಅದು ಮುಚ್ಚಿಹೋದರೆ ಮಾತ್ರ ವಿಶ್ವಾಸಕ್ಕೆ ಕುಂದು ಬರುತ್ತದೆ.

ನಾಗರಿಕರ ಪಾತ್ರ

ಸಲಹಾ ತಂಡದ ಮೇಜಿಗೆ ಬರುವ ಅಂಕಿಸಂಖ್ಯೆಗಳು ಹುಟ್ಟುವುದು ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ. ಜ್ವರದೊಡನೆ ಮೈಮೇಲೆ ಕೆಂಪು ಗುಳ್ಳೆ ಎದ್ದ ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳದೆ ಅಲ್ಲಿಗೆ ಕರೆತಂದಾಗ, ಲಸಿಕೆಯ ನಂತರ ತೊಂದರೆ ಕಂಡುಬಂದರೆ ತಪ್ಪದೆ ತಿಳಿಸಿದಾಗ ತಜ್ಞರಿಗೆ ನಿಜಸ್ಥಿತಿ ಗೊತ್ತಾಗುತ್ತದೆ. ಊರು ಬದಲಿಸುವ ಕುಟುಂಬಗಳು ಲಸಿಕಾ ಕಾರ್ಡನ್ನು ಜೋಪಾನವಾಗಿ ಜೊತೆಗೊಯ್ಯಬೇಕು. ಡೋಸು ತಪ್ಪಿದ್ದರೆ ಸಂಕೋಚಪಡದೆ ಕೇಂದ್ರದಲ್ಲಿ ವಿಚಾರಿಸಬೇಕು. ಲಸಿಕೆ ಏಕೆ, ಈಗಲೇ ಏಕೆ ಎಂದು ಕೇಳುವುದು ತಂದೆತಾಯಿಗಳ ಹಕ್ಕು. ಅದಕ್ಕೆ ತಿಳಿಯುವ ಮಾತಿನಲ್ಲಿ ಉತ್ತರ ಹೇಳುವುದು ಆರೋಗ್ಯ ಕಾರ್ಯಕರ್ತರ ಮತ್ತು ಆಡಳಿತದ ಕರ್ತವ್ಯ. ತಜ್ಞರ ಸಭೆಯಲ್ಲಿ ಆರಂಭವಾದ ಸಲಹೆಯು ಮಗುವಿಗೆ ಸಕಾಲದಲ್ಲಿ ಲಸಿಕೆ ದೊರೆತಾಗಲೇ ಸಾರ್ಥಕವಾಗುತ್ತದೆ.